ಯಾವ ಕೊಟ್ರಸ್ವಾಮಿಯ ಅರ್ಜಿ?

ಸಣ್ಣಬನ್ನಿಹಾಳದ ನಡುಬೀದಿಯಲ್ಲಿ ನಿಂತು ‘ಕೊಟ್ರಸ್ವಾಮೀ’ ಎಂದು ಕೂಗಿದರೆ ಏಳೆಂಟು ಮಂದಿಯಾದರೂ ತಿರುಗಿ ನೋಡುತ್ತಾರೆ. ಕೊಟ್ಟೂರಿನ ಸ್ವಾಮಿಗೆ ಹರಕೆ ಹೊತ್ತು ಹಡೆದ ಗಂಡುಮಕ್ಕಳಿಗೆಲ್ಲ ಅದೇ ಹೆಸರಿಡುವುದು ಈ ಸೀಮೆಯ ರೂಢಿ. ದೇವರಿಗೆ ಕೊಟ್ಟ ಮಾತಿನ ಮುಂದೆ ಅಂಚೆಯವನ ಫಜೀತಿಯನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಹಾಗಾಗಿ ಊರು ತನ್ನ ಅನುಕೂಲಕ್ಕೆ ತಾನೇ ಎರಡನೆಯ ನಾಮಕರಣ ಮಾಡಿಕೊಂಡಿದೆ. ಮೆಕ್ಕೆಜೋಳ ಕೊಂಡು ಹರಪನಹಳ್ಳಿಗೆ ಕಳಿಸುವವನು ದಲ್ಲಾಳಿ ಕೊಟ್ರಸ್ವಾಮಿ. ಕುರಿ ಸಾಕಿದವನು ಕುರಿ ಕೊಟ್ರಸ್ವಾಮಿ. ಶಾಲೆಯಿಂದ ನಿವೃತ್ತರಾಗಿ ವರ್ಷಗಳೇ ಕಳೆದರೂ ಊರವರ ತಪ್ಪು ತಿದ್ದುವುದನ್ನು ಬಿಡದವರು ಮೇಷ್ಟ್ರು ಕೊಟ್ರಸ್ವಾಮಿ. ಬಸ್ಸು ನಿಲ್ಲುವಲ್ಲಿ ಬೇವಿನ ಮರದ ಕೆಳಗೆ ಬಾಣಲೆ ಇಟ್ಟವನು ಮಿರ್ಚಿ ಕೊಟ್ರಸ್ವಾಮಿ. ಈ ಕತೆ ಕೊನೆಯವನದು. ಉಳಿದವರು ತಮ್ಮದೂ ಹೌದು ಎನ್ನುತ್ತಾರೆ, ಅನ್ನಲಿ.

ಮಿರ್ಚಿ ಕೊಟ್ರಸ್ವಾಮಿ ಸಂತೃಪ್ತ ಮನುಷ್ಯ. ಹೊತ್ತು ಇಳಿಯುತ್ತಿದ್ದ ಹಾಗೆ ಒಲೆ ಹಚ್ಚಿದನೆಂದರೆ ಹಲವಾಗಲು ಊರಿನ ಕಡೆ ಹೋಗುವ ಕೊನೆಯ ಬಸ್ಸು ದಾಟುವವರೆಗೆ ಮಿರ್ಚಿ, ಖಾರ ಮಂಡಕ್ಕಿ, ಜೊತೆಗೆ ಊರ ಹರಟೆ. ಹಿಟ್ಟು ಕಲೆಸುವುದು ಹೆಂಡತಿ ಗುರುಬಸಮ್ಮ. ಆ ಹದ ಅವಳ ಕೈಗಲ್ಲದೆ ಬೇರೆಯವರ ಕೈಗೆ ಒಲಿದಿಲ್ಲ. ನೆರಳು ಬೇವಿನ ಮರದ್ದು, ಬಾಡಿಗೆ ಇಲ್ಲ. ಇಬ್ಬರು ಹೆಣ್ಣುಮಕ್ಕಳ ಮದುವೆ ಈ ನೆರಳಿನಲ್ಲೇ ದುಡಿದು ಮುಗಿಸಿದ್ದಾನೆ. ‘ನನಗ ಇನ್ನೇನ್ ಬೇಕು’ ಎಂಬುದು ಅವನ ಬಾಯಿಪಾಠ. ಹೀಗೆ ಹೇಳಿಕೊಂಡು ತಿರುಗುವವರನ್ನು ಕಂಡರೆ ದೇವರಿಗೂ ಸ್ವಲ್ಪ ಚೇಷ್ಟೆ ಮಾಡಬೇಕೆನಿಸುತ್ತದೆಯೋ ಏನೋ.

ಮರದ ಬುಡದಲ್ಲಿ ಒಂದು ಕಲ್ಲುಬೆಂಚು. ಅದರ ಎಡತುದಿ ಅಜ್ಜಯ್ಯನದು. ಅಜ್ಜಯ್ಯ, ಕೊಟ್ರಸ್ವಾಮಿ ಒಂದೇ ದಿನ ಶಾಲೆಗೆ ಸೇರಿ ಒಂದೇ ದಿನ ಶಾಲೆ ಬಿಟ್ಟ ಗೆಳೆಯರು. ಈಗ ಅಜ್ಜಯ್ಯನ ಹೆಂಡತಿ ಮರುಳಸಿದ್ದಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಅಂದರೆ ಸಹಿ ಅವಳದು, ಮಾತು ಅಜ್ಜಯ್ಯನದು. ಸಂಜೆಯಾದರೆ ಅವನು ಟವೆಲ್ಲು ಕೊಡವಿ ಬೆಂಚಿನ ಎಡತುದಿಯಲ್ಲಿ ಕೂರುತ್ತಾನೆ, ‘ಬಿಸಿ ಅದಾವೇನಲೇ?’ ಅನ್ನುತ್ತಾನೆ, ‘ಅದಾವಲೇ’ ಎಂದು ಇವನು ಅನ್ನುತ್ತಾನೆ. ಅಷ್ಟರಲ್ಲಿ ಇಬ್ಬರ ದಿನವೂ ಪೂರ್ತಿಯಾದ ಹಾಗೆ.

ಇಂಥ ನೆಮ್ಮದಿಗೆ ಹುಳಿ ಹಿಂಡಿದ್ದು ಒಂದು ಟೇಪು. ಬೇಸಿಗೆಯ ಒಂದು ಬೆಳಿಗ್ಗೆ ಪಂಚಾಯಿತಿಯಿಂದ ಇಬ್ಬರು ಬಂದು ಮರದ ಸುತ್ತ ಜಾಗ ಅಳೆದುಹೋದರು. ಸಂಜೆಯ ಹೊತ್ತಿಗೆ ಊರ ತುಂಬ ಸುದ್ದಿ: ಮರ ಕಡಿದು ಮಳಿಗೆ ಕಟ್ಟುತ್ತಾರಂತೆ. ಅಜ್ಜಯ್ಯ ಎಂದಿನಂತೆ ಬಂದು ಕೂತ. ಮೆಕ್ಕೆಜೋಳದ ರೇಟಿನ ಮಾತಾಡಿದ, ಮೊಮ್ಮಗಳ ಹಲ್ಲು ಮೂಡಿದ್ದು ಹೇಳಿದ, ಮಳಿಗೆಯ ಸುದ್ದಿ ಮಾತ್ರ ಎತ್ತಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ.

ಕೊಟ್ರಸ್ವಾಮಿಗೆ ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಗೆಳೆತನದ ಮುಲಾಜಿಗೆ ಕೈಯೊಡ್ಡಿದ ಹಾಗಾಗುತ್ತದೆ. ಅಜ್ಜಯ್ಯ ‘ಇಲ್ಲ ಬಿಡಲೇ’ ಎಂದು ಸುಳ್ಳು ಹೇಳಿ, ಮುಂದೊಂದು ದಿನ ಮರಕ್ಕೆ ಗರಗಸ ಬಂದರೆ? ಆಗ ಮರವೂ ಹೋಯಿತು, ಗೆಳೆಯನೂ ಹೋದ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿಯನ್ನು ಬಾಣಲೆಗೆ ಬಿಡಲು ಮರೆತು ಕೈಯಲ್ಲೇ ಹಿಡಿದು ನಿಲ್ಲತೊಡಗಿದ.

“ಕೇಳ್ರಿ ಅಂದ್ರ ಕೇಳಂಗಿಲ್ಲ, ಸುಮ್ನಿರ್ರಿ ಅಂದ್ರ ಸುಮ್ನಿರಂಗಿಲ್ಲ,” ಗುರುಬಸಮ್ಮ ರೇಗಿದಳು. “ಅಜ್ಜಯ್ಯಣ್ಣನ್ನ ಕೇಳಾಕ ನಾಚಿಗಿ ಆದ್ರ ಪಂಚಾಯ್ತಿನ ಕೇಳ್ರಿ. ನಮ್ಮ ಸಂಘದಾಗ ಹೇಳ್ಯಾರ, ಹತ್ತು ರೂಪಾಯಿ ಕಟ್ಟಿ ಅರ್ಜಿ ಕೊಟ್ರ ಪಂಚಾಯ್ತಿ ಕಾಗದ ಯಾರು ಬೇಕಾದ್ರೂ ನೋಡಬೌದಂತ. ಮಾಹಿತಿ ಹಕ್ಕು ಅಂತಾರ ಅದಕ್ಕ.”

ಈ ಊರಲ್ಲಿ ಅರ್ಜಿ ಅಂದರೆ ಜಗಳ. ಬದುವಿನ ತಕರಾರಿಗೆ ಅಣ್ಣನ ಮೇಲೆ ತಮ್ಮ ಅರ್ಜಿ ಹಾಕುತ್ತಾನೆ, ಅಲ್ಲಿಂದಾಚೆ ಇಬ್ಬರ ಮನೆಯ ನಾಯಿಗಳೂ ಮಾತಾಡುವುದಿಲ್ಲ. ಯಾರ ‘ಮೇಲೂ’ ಅಲ್ಲದೆ, ಬರೀ ತಿಳಿದುಕೊಳ್ಳಲು ಅರ್ಜಿ ಹಾಕಬಹುದೆಂದು ಸಣ್ಣಬನ್ನಿಹಾಳದಲ್ಲಿ ಯಾರೂ ಯೋಚಿಸಿದವರಲ್ಲ.

ಕಡೆಗೆ ಬರೆದವಳು ಗುರುಬಸಮ್ಮನೇ. ಏಳನೆಯ ಇಯತ್ತೆಯ ದುಂಡನೆಯ ಅಕ್ಷರದಲ್ಲಿ, ನಾಲಿಗೆ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಬರೆದಳು: ಬಸ್ಸು ನಿಲ್ಲುವ ಜಾಗದಲ್ಲಿ ಮಳಿಗೆ ಕಟ್ಟುವ ಬಗ್ಗೆ ಪಂಚಾಯಿತಿ ಏನು ಠರಾವು ಮಾಡಿದೆ, ಅದರ ನಕಲು ಕೊಡಬೇಕು. ಕೆಳಗೆ ತನ್ನ ಹೆಸರು ಹಾಕಲು ಹೋದಳು.

“ಗಂಡಸು ನಾನಿರುವಾಗ ನಿನ್ನ ಹೆಸರ್ಯಾಕ? ನಂದು ಹಾಕು,” ಎಂದ ಕೊಟ್ರಸ್ವಾಮಿ.

ಮುಂದೆ ನಡೆದ ಎಲ್ಲ ಅವಾಂತರಕ್ಕೂ ಮೂಲ ಈ ಗಂಡಸುತನ. ಗುರುಬಸಮ್ಮನ ಹೆಸರಿದ್ದಿದ್ದರೆ ಉತ್ತರ ನೆಟ್ಟಗೆ ಮನೆಗೆ ಬರುತ್ತಿತ್ತು, ನನಗೆ ಹೇಳಲು ಕತೆಯೂ ಇರುತ್ತಿರಲಿಲ್ಲ.

ಪಂಚಾಯಿತಿ ಆಫೀಸಿಗೆ ಅವನು ಹೋದದ್ದು ಅಜ್ಜಯ್ಯ ಊಟಕ್ಕೆ ಮನೆಗೆ ಹೋಗಿರುವ ಹೊತ್ತು ನೋಡಿಕೊಂಡು. ಅಭಿವೃದ್ಧಿ ಅಧಿಕಾರಿ ಕೋಮಲಾ ಹಡಗಲಿಯಿಂದ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮಿರ್ಚಿ ತಿನ್ನದ ಹೆಣ್ಣುಮಗಳಾದ್ದರಿಂದ ಇವನ ಪರಿಚಯವೂ ಇರಲಿಲ್ಲ. ಅರ್ಜಿ ಓದಿ, ಶುಲ್ಕ ತೆಗೆದುಕೊಂಡು, ರಸೀದಿ ಹರಿದುಕೊಟ್ಟಳು.

“ಇದಕ್ಕ ಇಷ್ಟ್ಯಾಕ ಹೆದರ್ತೀರಿ? ನಿಮ್ಮ ಹಕ್ಕು ಐತಿ ಇದು. ಮೂವತ್ತು ದಿನದಾಗ ಉತ್ತರ ಕೊಡತೀವಿ. ತಂದಿ ಹೆಸರು, ಮನಿ ನಂಬರ್ ಬರದಿಲ್ಲಲ್ರಿ?”

ಅಷ್ಟರಲ್ಲಿ ಹೊರಗೆ ಅಜ್ಜಯ್ಯನ ಬೈಕಿನಂಥದೇ ಬೈಕಿನ ಸದ್ದಾಯಿತು.

“ಕೊಟ್ರಸ್ವಾಮಿ ಅಂದ್ರ ಸಾಕ್ರಿ, ಊರಾಗ ಎಲ್ಲಾರಿಗೂ ಗೊತ್ತೈತಿ. ಇಲ್ಲಿಗೆ ಬರಾಕ ಆಗಂಗಿಲ್ರಿ, ಪೋಸ್ಟಿಗೆ ಹಾಕಿಬಿಡ್ರಿ,” ಎಂದವನೇ ಹಿಂದಿನ ಬಾಗಿಲಿನಿಂದ ಹೊರಬಿದ್ದ.

ದಿನಗಳು ಕಳೆದವು. ಉತ್ತರ ಬರಲಿಲ್ಲ. ಕೊಟ್ರಸ್ವಾಮಿ ಅಂಚೆಯ ಮೈಲಪ್ಪನ ಸೈಕಲ್ಲು ಕಂಡರೆ ಸಾಕು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಗುರುಬಸಮ್ಮ ಮಾತ್ರ ನಿಶ್ಚಿಂತೆ. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬರತೈತಿ ತಾಳ್ರಿ.”

ಬಂದೇ ಬಂತು. ಆದರೆ ಇವನ ಮನೆಗಲ್ಲ.

ಸಂಜೆ ಎಣ್ಣೆ ಕಾಯುತ್ತಿತ್ತು. ಅಜ್ಜಯ್ಯ ಬೆಂಚಿನ ಮೇಲಿದ್ದ. ದಲ್ಲಾಳಿ ಕೊಟ್ರಸ್ವಾಮಿ ಬಂದು ಮೊಬೈಲು ಅಂಗಿಯ ಜೇಬಿಗಿಳಿಸಿ, ಒಂದು ಪ್ಲೇಟು ಮಿರ್ಚಿ ಹೇಳಿ, ಗತ್ತಿನಿಂದ ನುಡಿದ:

“ಅಜ್ಜಯ್ಯ, ನಿಮ್ಮ ಪಂಚಾಯ್ತಿಯಿಂದ ನನಗ ರಿಜಿಸ್ಟರ್ ಪತ್ರ ಬಂದೈತಿ ನೋಡು. ಸರ್ಕಾರಿ ಶಿಕ್ಕಾ ಐತಿ ಅಂತ ಮೈಲಪ್ಪ ನೆಟ್ಟಗ ನನ್ನ ಅಂಗಡಿ ಗದ್ದಿಗೇ ತಂದ. ಗ್ರಾಮಸಭಾಕ್ಕ ಬರ್ರಿ, ಅಭಿಪ್ರಾಯ ಹೇಳ್ರಿ ಅಂತ ಬರದಾರ. ಅದೇನೋ ನಾ ಅರ್ಜಿ ಹಾಕೀನಿ ಅಂತನೂ ಐತಿ. ನಾ ಯಾವ ಅರ್ಜಿನೂ ಹಾಕಿಲ್ಲ, ಹೊಳ್ಳಿ ಮೈಲಪ್ಪಗ ಕೊಟ್ಟೆ. ಆದ್ರ ಮರ್ಯಾದಿ ಕೊಟ್ಟು ಕರದಾರಲ್ಲ, ಸಭಾಕ್ಕ ಮಾತ್ರ ಬರತೀನಿ.”

ಕೊಟ್ರಸ್ವಾಮಿಯ ಕೈಯ ಜಾಲರಿ ಬಾಣಲೆಗೆ ಬಡಿದು ಠಣ್ಣೆಂದಿತು.

“ಏನರ್ಜಿ?” ಅಜ್ಜಯ್ಯ ನೆಟ್ಟಗೆ ಕೂತ.

“ಈ ಜಾಗದ್ದು. ಮಳಿಗಿ ಕಟ್ಟೋ ಠರಾವು ತೋರ್ಸ್ರಿ ಅಂತ. ಒಳಗ ನಾಕು ಹಾಳಿ ಅದಾವ. ಓದಾಕ ನನಗೆಲ್ಲಿ ಪುರಸೊತ್ತು?”

ತಾನು ಇಷ್ಟು ದಿನ ನಿದ್ದೆಗೆಟ್ಟು ಕಾದ ನಾಲ್ಕು ಹಾಳೆಯನ್ನು ಈ ಮನುಷ್ಯ ಕೈಗೆ ಬಂದರೂ ಓದದೆ ಬಿಟ್ಟನಲ್ಲ! ಕೊಟ್ರಸ್ವಾಮಿಗೆ ಅವನ ಪ್ಲೇಟು ಕಿತ್ತುಕೊಳ್ಳಬೇಕೆನಿಸಿತು. ಆದರೆ ಏನೆಂದು ಬಾಯಿ ಬಿಡುವುದು? ಬಿಟ್ಟರೆ ಅರ್ಜಿ ತನ್ನದೆಂದು ತಾನೇ ಡಂಗುರ ಹೊಡೆದ ಹಾಗೆ.

“ನಮ್ಮ ಪಂಚಾಯ್ತಿ ಮ್ಯಾಲ ಅರ್ಜಿ ಹಾಕುವಷ್ಟು ಕೊಬ್ಬಿದ ಕೊಟ್ರಸ್ವಾಮಿ ಯಾವನಲೇ ಅವನು?” ಅಜ್ಜಯ್ಯನ ಮುಖ ಕೆಂಪಾಗಿತ್ತು. ಆಮೇಲೆ ಇವನ ಕಡೆ ತಿರುಗಿ, ದನಿ ಇಳಿಸಿ ಅಂದ: “ಎಲ್ಲಾ ಕೊಟ್ರಸ್ವಾಮಿಗಳ ಮ್ಯಾಲೂ ನನಗ ಅನುಮಾನ ಐತಿ, ನಿನ್ನೊಬ್ಬನ್ನ ಬಿಟ್ಟು.”

ಆ ‘ನಿನ್ನೊಬ್ಬನ್ನ ಬಿಟ್ಟು’ ಅನ್ನುವುದು ಕೊಟ್ರಸ್ವಾಮಿಯ ಎದೆಗೆ ಕಾದ ಎಣ್ಣೆ ಸಿಡಿದ ಹಾಗೆ ತಾಗಿತು. ಆ ಸಂಜೆ ಅಜ್ಜಯ್ಯನ ಪ್ಲೇಟಿಗೆ ಎರಡು ಮಿರ್ಚಿ ಹೆಚ್ಚು ಹಾಕಿದ. ತಪ್ಪಿತಸ್ಥರೆಲ್ಲ ಧಾರಾಳಿಗಳೇ.

ಮೈಲಪ್ಪನದೂ ತಪ್ಪಲ್ಲ. ಹರಿದ ಲಕೋಟೆಗೆ ಅನ್ನದ ಅಗುಳು ತಿಕ್ಕಿ ಅಂಟಿಸಿಕೊಂಡು ಮುಂದಿನ ಕೊಟ್ರಸ್ವಾಮಿಯನ್ನು ಹುಡುಕಿ ಹೊರಟ. ಜಾಗ, ಜಮೀನು ಅಂದಮೇಲೆ ಕುರಿಯವರ ತಕರಾರೇ ಇರಬೇಕೆಂದು ಕುರಿ ಕೊಟ್ರಸ್ವಾಮಿಯ ಹಟ್ಟಿಗೆ ಹೋದ. ಅಲ್ಲಿ ಸೊಸೆ ಶಿವಲೀಲಾ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಹಟ್ಟಿಯ ಹೆಂಗಸರು, ಮಕ್ಕಳು, ಕಟ್ಟಿಹಾಕಿದ ಮರಿಗಳು ಎಲ್ಲ ಕೇಳಿದವು. ಮರುದಿನ ಕುರಿ ಕೊಟ್ರಸ್ವಾಮಿ ಕಂಬಳಿ ಹೆಗಲಿಗೇರಿಸಿ ಮಿರ್ಚಿ ಅಂಗಡಿಯ ಮುಂದೆ ಸಭೆಯನ್ನೇ ನಡೆಸಿದ.

“ಅರ್ಜಿ ನಂದಲ್ಲಪ, ನನಗ ಸಹಿ ಮಾಡಾಕೇ ಬರಂಗಿಲ್ಲ. ಆದ್ರ ಸರ್ಕಾರ ನನ್ನ ಕರದೈತಿ! ‘ತಾವು’ ಅಂತ ಬರದಾರ! ಈ ಜಾಗದ ಸುದ್ದಿ ಸಭಾಕ್ಕ ಬಂತಂತ, ಮುಂದಕ್ಕ ಹಾಕಿದ್ರಂತ. ಮತ್ತ ಬಂತಂತ, ಮತ್ತ ಮುಂದಕ್ಕ. ಇನ್ನೂ ಏನೂ ಆಗಿಲ್ಲ. ಗ್ರಾಮಸಭಾದಾಗ ಆಗಬೇಕಂತ. ನಾ ಹೋಗಿ ಹೇಳತೀನಿ, ಮರ ಕಡಿಬ್ಯಾಡ್ರಿ ಅಂತ. ಬಿಸಲಾಗ ನನ್ನ ಕುರಿ ಎಲ್ಲಿ ನಿಲ್ಲಬೇಕು?”

ಇನ್ನೂ ಏನೂ ಆಗಿಲ್ಲ! ಕೊಟ್ರಸ್ವಾಮಿಗೆ ಒಮ್ಮೆಲೇ ಉಸಿರು ಬಂತು. ತನ್ನ ಪತ್ರದ ಸಂಗತಿ ತನಗೆ ತಿಳಿದದ್ದು ಊರಿಗೆಲ್ಲ ತಿಳಿದಮೇಲೆ. ಆದರೂ ತಿಳಿಯಿತಲ್ಲ.

ಮೇಷ್ಟ್ರು ಕೊಟ್ರಸ್ವಾಮಿ ಪತ್ರವನ್ನು ಒಂದು ರಾತ್ರಿ ಇಟ್ಟುಕೊಂಡು, ಕಾಗುಣಿತದ ತಪ್ಪುಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ‘ಸಭೆಗೆ ಬರುತ್ತೇನೆ, ಅರ್ಜಿ ನನ್ನದಲ್ಲ’ ಎಂದು ಅಂಚಿನಲ್ಲಿ ಷರಾ ಬರೆದು ವಾಪಸು ಕಳಿಸಿದರು. ಹೀಗೆ ಊರಿನ ಒಬ್ಬೊಬ್ಬ ಕೊಟ್ರಸ್ವಾಮಿಯೂ ಪತ್ರವನ್ನು ತಿರಸ್ಕರಿಸಿದ, ಆಮಂತ್ರಣವನ್ನು ಸ್ವೀಕರಿಸಿದ.

ಕಟ್ಟಕಡೆಗೆ ಮೈಲಪ್ಪನ ಸೈಕಲ್ಲು ಬೇವಿನ ಮರದ ಕೆಳಗೆ ನಿಂತಿತು. ದುರ್ದೈವಕ್ಕೆ ಅಜ್ಜಯ್ಯ ಬೆಂಚಿನ ಮೇಲೆಯೇ ಇದ್ದ.

“ನೀನೊಬ್ಬ ಉಳದೀ ನೋಡು, ಮಿರ್ಚಿ. ಇದು ನಿಂದೇನು?”

ಕೊಟ್ರಸ್ವಾಮಿ ಲಕೋಟೆ ನೋಡಿದ. ಅನ್ನದ ಅಗುಳು, ಕುರಿಹಟ್ಟಿಯ ಮಣ್ಣು, ಕೆಂಪು ಶಾಯಿ. ಆಮೇಲೆ ಅಜ್ಜಯ್ಯನನ್ನು ನೋಡಿದ. ಅಜ್ಜಯ್ಯ ನಗುತ್ತ, “ಅವನ್ಯಾಕ ಅರ್ಜಿ ಹಾಕ್ತಾನ, ಮೈಲಪ್ಪ? ಬೇಕಂದ್ರ ನನ್ನ ಕೇಳಂಗಿಲ್ಲೇನು?” ಅಂದ.

“ನಂದಲ್ಲ,” ಎಂದ ಕೊಟ್ರಸ್ವಾಮಿ. ಹೇಳಿದ ಮೇಲೆ ನಾಲಿಗೆ ಕಹಿಯಾಯಿತು.

ಲಕೋಟೆ ಪಂಚಾಯಿತಿಗೆ ವಾಪಸಾಯಿತು. ಮನೆಗೆ ಬಂದು ಹೇಳಿದಾಗ ಗುರುಬಸಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಡಲೆಹಿಟ್ಟಿನ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದಳು.

“ಬರದಾಕಿ ನಾನು,” ಎಂದಳು. “ಸಾಲಿ ಬಿಟ್ಟ ಮ್ಯಾಲ ನಾ ಒಂದು ಹಾಳಿ ಬರದಿದ್ದು ಇದಾ. ನನ್ನ ಅಕ್ಷರಕ್ಕ ಸರ್ಕಾರ ಉತ್ತರ ಬರದಿತ್ತು. ಊರೆಲ್ಲಾ ಅದನ್ನ ಓದಿತು, ನಾನೊಬ್ಬಾಕಿ ಓದಲಿಲ್ಲ. ನೀವು ನಂದಲ್ಲ ಅಂದು ಕಳಿಸಿದ್ರಿ.”

ಕೊಟ್ರಸ್ವಾಮಿಗೆ ತಲೆ ಎತ್ತಲಾಗಲಿಲ್ಲ. ಜಾಗ ಹೋಗುತ್ತದೆಂಬ ಭಯಕ್ಕಿಂತ, ಗೆಳೆಯ ಮುನಿಯುತ್ತಾನೆಂಬ ಭಯಕ್ಕಿಂತ ಈ ಮಾತು ಹೆಚ್ಚು ನೋಯಿಸಿತು. ತನ್ನ ಹೆಸರು ಹಾಕಿಸಿಕೊಳ್ಳಲು ಇದ್ದ ಗಂಡಸುತನ, ಆ ಹೆಸರಿಗೆ ಬಂದ ಪತ್ರ ತೆಗೆದುಕೊಳ್ಳಲು ಇರಲಿಲ್ಲವೇ ಎಂದು ತನ್ನನ್ನೇ ಕೇಳಿಕೊಂಡ. ಉತ್ತರಕ್ಕೆ ಮೂವತ್ತು ದಿನ ಬೇಕಾಗಿರಲಿಲ್ಲ.

ಗ್ರಾಮಸಭೆಯ ದಿನ ಬಂತು. ಈ ಊರಿನ ಗ್ರಾಮಸಭೆ ಅಂದರೆ ಶಾಲೆಯ ಅಂಗಳದಲ್ಲಿ ಒಂದು ಶಾಮಿಯಾನ, ಅದರಡಿ ಖಾಲಿ ಕುರ್ಚಿಗಳು, ಆಮೇಲೆ ಹಾಜರಿ ಪುಸ್ತಕ ಹಿಡಿದು ಮನೆ ಮನೆಗೆ ಅಲೆಯುವ ಜವಾನ ಎರ್ರೆಪ್ಪ. ಆದರೆ ಆವತ್ತು ಎರ್ರೆಪ್ಪ ಕುರ್ಚಿ ಸಾಲದೆ ಶಾಲೆಯ ಬೆಂಚುಗಳನ್ನು ಹೊತ್ತು ತರಬೇಕಾಯಿತು. ಕೊಟ್ರಸ್ವಾಮಿಗಳೆಲ್ಲ ಬಂದಿದ್ದರು. ದಲ್ಲಾಳಿ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಕುರಿ ಕೊಟ್ರಸ್ವಾಮಿ ಸರ್ಕಾರ ತಾನಾಗಿ ಕರೆದದ್ದೆಂದು ಹಟ್ಟಿಯನ್ನೇ ಕರೆತಂದಿದ್ದ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೆಂಪು ಪೆನ್ನು ಸಮೇತ ಕೂತಿದ್ದರು. ಅವರವರ ಹೆಂಡತಿ ಮಕ್ಕಳು, ಏನೋ ನಡೆಯುತ್ತದೆಂದು ಬಂದ ಉಳಿದ ಜನ. ಬೇವಿನ ಮರದ ನೆರಳಿನಲ್ಲೂ ಒಂದೇ ಸಲ ಇಷ್ಟು ಮಂದಿ ಎಂದೂ ಸೇರಿರಲಿಲ್ಲ.

ಮರುಳಸಿದ್ದಮ್ಮ ನಡುವಿನ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದಳು. ಪಕ್ಕದ ಕುರ್ಚಿಯಲ್ಲಿ, ಯಾವ ಕಾನೂನಿನಲ್ಲೂ ಇಲ್ಲದ ಕುರ್ಚಿ ಅದು, ಅಜ್ಜಯ್ಯ. ಜನ ನೋಡಿ ಅವನಿಗೇ ಗಾಬರಿ.

ಕೋಮಲಾ ಎದ್ದು ನಿಂತಳು. ಕೈಯಲ್ಲಿ ಆ ಲಕೋಟೆ.

“ಮಳಿಗಿ ವಿಷಯ ತಗೊಳ್ಳೋದಕ್ಕಿಂತ ಮುಂಚೆ ಒಂದು ಮಾತ್ರಿ. ಇದರ ಬಗ್ಗೆ ಮಾಹಿತಿ ಕೇಳಿದ ಒಂದು ಅರ್ಜಿಗೆ ಉತ್ತರ ಕಳಿಸಿದ್ವಿ, ಯಾರೂ ತಗೊಂಡಿಲ್ಲ, ಹೊಳ್ಳಿ ಬಂದೈತಿ. ಅರ್ಜಿದಾರರು ಇಲ್ಲಿದ್ರ ತಗೋಬೌದು. ಇಲ್ಲಾಂದ್ರ ಆಫೀಸಿನ್ಯಾಗ ಇರತೈತಿ, ಯಾವಾಗ ಬಂದ್ರೂ ಕೊಡತೀವಿ.”

ಹಿಂದಿನ ಸಾಲಿನಲ್ಲಿದ್ದ ಕೊಟ್ರಸ್ವಾಮಿಯ ಗುರುತು ಅವಳಿಗೆ ಸಿಕ್ಕಿತ್ತು. ಆದರೂ ಅವನ ಕಡೆ ನೋಡದೆ, ದೂರದ ಧ್ವಜದ ಕಂಬ ನೋಡಿದಳು. ಅಂಥ ಒಳ್ಳೆಯತನ ಎಲ್ಲ ಅಧಿಕಾರಿಗಳಿಗೂ ಇರುವುದಿಲ್ಲ.

ಕೊಟ್ರಸ್ವಾಮಿ ಗುರುಬಸಮ್ಮನತ್ತ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಲಕೋಟೆಯನ್ನು ನೋಡುತ್ತಿದ್ದಳು. ಮುಂದಿನ ಬೆಂಚಿಗೆ ಕೈಯೂರಿ ಎದ್ದು ನಿಂತ.

“ನಂದ್ರಿ ಅದು. ಮಿರ್ಚಿ ಕೊಟ್ರಸ್ವಾಮಿದು. ಬರದಾಕಿ ನನ್ನ ಹೆಂಡ್ತಿ, ಗುರುಬಸಮ್ಮ.”

ಅಜ್ಜಯ್ಯ ಕುರ್ಚಿಯಿಂದ ಅರ್ಧ ಎದ್ದ. ಸಿಟ್ಟಿಗಿಂತ ನೋವೇ ಹೆಚ್ಚಾಗಿತ್ತು ಆ ಮುಖದಲ್ಲಿ.

“ನೀನಾ? ದಿನಾ ಸಂಜಿಗೆ ನಿನ್ನ ಬಾಜೂಕ ಕುಂದ್ರತೀನಿ. ಒಂದು ಮಾತು ಬಾಯಿ ಬಿಟ್ಟು ಕೇಳಿದ್ರ ಹೇಳ್ತಿದ್ದಿಲ್ಲೇನಲೇ? ನನ್ನ ಮ್ಯಾಲ ಅರ್ಜಿ ಹಾಕಿದ್ಯಾ?”

ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಮರುಳಸಿದ್ದಮ್ಮ ಸೆರಗು ಸರಿಪಡಿಸಿಕೊಂಡು, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದಳು:

“ಅಣ್ಣ ಕೇಳಿದ್ದು ಪಂಚಾಯ್ತಿನ್ರಿ, ನಿಮ್ಮನ್ನಲ್ಲ. ಪಂಚಾಯ್ತಿ ಅಂದ್ರ ನಾನು. ನನಗೇನು ಸಿಟ್ಟು ಬಂದಿಲ್ಲ.”

ಮೊದಲು ನಕ್ಕದ್ದು ಹೆಂಗಸರು. ಆಮೇಲೆ ಮೇಷ್ಟ್ರು. ಆಮೇಲೆ ತಡೆಯಲಾಗದೆ ಇಡೀ ಶಾಮಿಯಾನ. ಅಜ್ಜಯ್ಯ ಒಬ್ಬ ನಗಲಿಲ್ಲ. ಗೆಳೆಯನ ಕಡೆ ಬೆರಳು ಮಾಡಿ ಅಂದ:

“ಮೂರು ಸಲ ಈ ವಿಷಯ ಬಂತು. ಮೂರು ಸಲನೂ ಮುಂದಕ್ಕ ಹಾಕ್ಸಿದ್ದು ಯಾರಂತ ತಿಳ್ಕೊಂಡಿ? ಒಂದು ಕಡಿ ಮಳಿಗಿ ಬೇಕನ್ನೋರು, ಒಂದು ಕಡಿ ನಿನ್ನ ಬಾಂಡ್ಲಿ. ಯಾರಿಗೆ ಹೇಳ್ಲಿ ನಾನು?”

ಕೊಟ್ರಸ್ವಾಮಿಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ಬೆಂಚಿನ ಎಡತುದಿಯಲ್ಲಿ ಕೂತು ಮಾತಾಡದೆ ಇದ್ದವನು ಮುಚ್ಚಿಟ್ಟದ್ದು ಮೋಸವಲ್ಲ, ಸಂಕಟ. ಅವನಿಗೂ ಬಿಸಿ ತುಪ್ಪವೇ.

“ಅದು ಈ ಹಾಳ್ಯಾಗ ಇಲ್ಲಲ್ಲಲೇ, ಅಜ್ಜಯ್ಯ,” ಎಂದ. “ಹಾಳ್ಯಾಗ ಇಲ್ಲದ್ದನ್ನ ನೀನಾ ಹೇಳಬೇಕಿತ್ತು.”

ಅಜ್ಜಯ್ಯ ಕೂತುಬಿಟ್ಟ. ಆಮೇಲಿನ ಸಭೆಯಲ್ಲಿ ಅವನು ಮಾತಾಡಲೇ ಇಲ್ಲ. ಮಾತಾಡಲು ಉಳಿದವರು ಬಿಡಲೂ ಇಲ್ಲ. ದಲ್ಲಾಳಿ ಮಳಿಗೆ ಬೇಕೇ ಬೇಕೆಂದ, ತನಗೊಂದು ಗೋದಾಮು ಬೇಕಿತ್ತು. ಕುರಿ ಕೊಟ್ರಸ್ವಾಮಿ ನೆರಳು ಬೇಕೆಂದ. ಹರಪನಹಳ್ಳಿಯ ಕಾಲೇಜಿಗೆ ಹೋಗುವ ಹುಡುಗಿಯರ ತಾಯಂದಿರು, ಬಸ್ಸು ಬರುವ ತನಕ ಮಕ್ಕಳು ಎಲ್ಲಿ ನಿಲ್ಲಬೇಕೆಂದು ಕೇಳಿದರು. ಮಿರ್ಚಿಯ ಒಲೆ ಉರಿಯುತ್ತಿದ್ದರೆ ಸಂಜೆ ಬಸ್ಸಿಳಿಯುವ ಹೆಣ್ಣುಮಕ್ಕಳಿಗೆ ಧೈರ್ಯ ಎಂದಳೊಬ್ಬಳು. ಅಂಗಡಿಗೆ ಇಂಥದೊಂದು ಉಪಯೋಗ ಇದೆಯೆಂದು ಕೊಟ್ರಸ್ವಾಮಿಗೇ ಗೊತ್ತಿರಲಿಲ್ಲ. ರಸ್ತೆಯ ಆಚೆ ಹಾಳುಬಿದ್ದ ದನದ ದೊಡ್ಡಿಯ ಜಾಗ ಇದೆಯಲ್ಲ ಎಂದು ಮೇಷ್ಟ್ರು ನೆನಪಿಸಿದರು. ಗದ್ದಲ ತಣ್ಣಗಾದಾಗ ಮರುಳಸಿದ್ದಮ್ಮ ಕೈ ಎತ್ತಿಸಿದಳು. ಮಳಿಗೆ ದೊಡ್ಡಿಯ ಜಾಗದಲ್ಲಿ. ಬೇವಿನ ಮರಕ್ಕೆ ಕಲ್ಲುಕಟ್ಟೆ. ಮಿರ್ಚಿ ಅಂಗಡಿ ಇದ್ದಲ್ಲೇ, ಇನ್ನು ಮೇಲೆ ಪಂಚಾಯಿತಿಯ ಪರವಾನಗಿಯೊಂದಿಗೆ. ಕೋಮಲಾ ಅಲ್ಲಿಯೇ ಬರೆದು, ಅಲ್ಲಿಯೇ ಓದಿ ಹೇಳಿದಳು.

ಲಕೋಟೆಯನ್ನು ತೆಗೆದುಕೊಂಡವಳು ಗುರುಬಸಮ್ಮ. ಮನೆಗೆ ಹೋಗುವ ದಾರಿಯುದ್ದಕ್ಕೂ ನಿಂತು ನಿಂತು ಓದಿದಳು, ಕೆಂಪು ಗೆರೆಗಳ ಸಮೇತ.

ಜಾಗ ಉಳಿಯಿತು. ಆದರೆ ಬೆಂಚಿನ ಎಡತುದಿ ಖಾಲಿಯಾಯಿತು. ಮರುದಿನ ಸಂಜೆ ಅಜ್ಜಯ್ಯ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಗಿರಾಕಿಗಳು ಹೆಚ್ಚಿದ್ದರು, ಊರೆಲ್ಲ ಶಹಬ್ಬಾಸ್ ಅನ್ನುತ್ತಿತ್ತು, ಆದರೂ ಆ ತುದಿಯಲ್ಲಿ ಯಾರಾದರೂ ಕೂರಲು ಹೋದರೆ ಕೊಟ್ರಸ್ವಾಮಿ “ಅಲ್ಲಿ ಎಣ್ಣಿ ಚೆಲ್ಲೈತ್ರಿ, ಈ ಕಡಿ ಬರ್ರಿ” ಅನ್ನುತ್ತಿದ್ದ. ನೆರಳು ಉಳಿಸಿಕೊಂಡು ಅದರಲ್ಲಿ ಕೂರುವವನನ್ನು ಕಳೆದುಕೊಂಡೆನಲ್ಲ ಎಂದು ಕೊರಗಿದ. ‘ನನಗ ಇನ್ನೇನ್ ಬೇಕು’ ಅನ್ನುವ ಮಾತು ಬಾಯಿಂದ ಬೀಳುವುದೇ ನಿಂತಿತು. ಏನು ಬೇಕೆಂದು ಈಗ ಚೆನ್ನಾಗಿ ಗೊತ್ತಿತ್ತು.

ವಾರ ಕಳೆದಿರಬೇಕು. ಕಟ್ಟೆಗೆ ಕಲ್ಲು ಬಂದು ಬಿದ್ದಿದ್ದವು. ಎಣ್ಣೆ ಕಾದಿತ್ತು. ಎದುರಿಗೆ ಬೈಕು ನಿಂತಿತು. ಅಜ್ಜಯ್ಯ ಇಳಿದು ಬಂದ, ಬೆಂಚಿನ ಕಡೆ ನೋಡಲಿಲ್ಲ, ‘ಬಿಸಿ ಅದಾವೇನಲೇ’ ಅನ್ನಲಿಲ್ಲ. ಮಡಿಚಿದ ಒಂದು ಹಾಳೆ, ಅದರ ಮೇಲೆ ಒಂದು ಹತ್ತರ ನೋಟು ಇಟ್ಟು ಅಂಗಡಿಯ ಹಲಗೆಯ ಮೇಲೆ ಸರಿಸಿದ.

“ಏನಿದು?”

“ಓದು.”

ಕೊಟ್ರಸ್ವಾಮಿ ಕೈಯ ಎಣ್ಣೆ ಒರೆಸಿಕೊಂಡು ಹಾಳೆ ಬಿಡಿಸಿದ. ಅಕ್ಷರ ಮರುಳಸಿದ್ದಮ್ಮನದು. ಗಟ್ಟಿಯಾಗಿ ಓದಿದ, ಗಿರಾಕಿಗಳೆಲ್ಲ ಕಿವಿ ನಿಮಿರಿಸಿದರು:

“ಮಾಹಿತಿ ಹಕ್ಕಿನ ಅಡಿಯಲ್ಲಿ ಅರ್ಜಿ. ಮಿರ್ಚಿ ಕೊಟ್ರಸ್ವಾಮಿ ಅವರಿಗೆ. ಇತ್ತಿತ್ತಲಾಗಿ ತಮ್ಮ ಅಂಗಡಿಯ ಮಿರ್ಚಿಗಳು ಸಣ್ಣ ಆಗಿರುವುದಕ್ಕೆ ಕಾರಣವೇನು? ದಯಮಾಡಿ ದೃಢೀಕರಿಸಿದ ಉತ್ತರ ನೀಡಬೇಕು. ಇಂತಿ, ಅಜ್ಜಯ್ಯ. ತಂದೆ ಹೆಸರು, ಮನೆ ನಂಬರು ಕೆಳಗೆ ಬರೆದಿದೆ.”

ಗುರುಬಸಮ್ಮ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಕೊಟ್ರಸ್ವಾಮಿ ನಗಲಿಲ್ಲ. ನಕ್ಕರೆ ಅಳು ಬರುತ್ತಿತ್ತು. ಹತ್ತರ ನೋಟನ್ನು ಗಲ್ಲಾಕ್ಕೆ ಹಾಕಿದ. ಹಾಳೆಯ ಮೂಲೆಗೆ ಎಣ್ಣೆಯ ಹೆಬ್ಬೆಟ್ಟು ಒತ್ತಿ, ಅರ್ಜಿ ಮುಟ್ಟಿತೆಂದು ಶಿಕ್ಕಾ ಹಾಕಿದ.

“ಬಾಯಿಮಾತಿಗೆ ಹೇಳಂಗಿಲ್ಲಪ. ಮೂವತ್ತು ದಿನ ಟೈಮ್ ಐತಿ.”

“ಆಗ್ಲಿ ಬಿಡು, ಅವಸರಿಲ್ಲ,” ಎಂದ ಅಜ್ಜಯ್ಯ. ಟವೆಲ್ಲು ಕೊಡವಿ, ಬೆಂಚಿನ ಎಡತುದಿಯಲ್ಲಿ ಕೂತ. “ಉತ್ತರ ಬರೋ ಮಟ ದಿನಾ ಬಂದು ಇಲ್ಲೇ ಕುಂದ್ರತೀನಿ.”

ಕೊಟ್ರಸ್ವಾಮಿ ಇದ್ದುದರಲ್ಲಿ ದೊಡ್ಡ ಮೆಣಸಿನಕಾಯಿ ಹುಡುಕಿ ಹಿಟ್ಟಿನಲ್ಲಿ ಅದ್ದಿದ. ಆ ಅರ್ಜಿಗೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ.